446 ಬೈಟ್‌ಗಳ ಹೊಸ್ತಿಲು

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದಾಗ ಯಾವುದನ್ನು ಎಬ್ಬಿಸಬೇಕೆಂದು ಕೇಳಿ, ಅದನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಬೂಟ್ ಲೋಡರ್. ಅದರ ಚರಿತ್ರೆ ಬಹುಮಟ್ಟಿಗೆ ಜಾಗದ ಕೊರತೆಯ ಚರಿತ್ರೆ.

1983ರಲ್ಲಿ ಐಬಿಎಂ ಹಾರ್ಡ್ ಡಿಸ್ಕ್ ಇರುವ ಪಿಸಿ ಎಕ್ಸ್‌ಟಿಯನ್ನು ಮಾರಾಟಕ್ಕಿಟ್ಟಿತು. ಜೊತೆಗೆ ಬಂದ ಡಾಸ್ 2.0 ಡಿಸ್ಕನ್ನು ನಾಲ್ಕು ಪಾಲು ಮಾಡಲು ಅವಕಾಶ ಕೊಟ್ಟಿತು. ಡಿಸ್ಕಿನ ಮೊದಲ ಸೆಕ್ಟರ್ 512 ಬೈಟ್. ಪಾಲುಪಟ್ಟಿಗೆ 64, ಕೊನೆಯ ಗುರುತಿಗೆ 2 ಬೈಟ್ ಕಳೆದರೆ ಪ್ರೋಗ್ರಾಂಗೆ ಉಳಿಯುವುದು 446. ಇಂದಿನ ಯುನಿಕೋಡ್ ಕಡತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ ಮೂರು ಬೈಟ್ ಬೇಕು. ಆ ಲೆಕ್ಕದಲ್ಲಿ ಅಲ್ಲಿ ನೂರೈವತ್ತು ಚಿಹ್ನೆಯೂ ಹಿಡಿಸದು. ಕಂಪ್ಯೂಟರ್ ಹಚ್ಚಿದೊಡನೆ ಮೊದಲು ಓಡುವ ಬಯಾಸ್ ಎಂಬ ಪ್ರೋಗ್ರಾಂ ಓದಿ ಓಡಿಸುತ್ತಿದ್ದುದು ಈ ಒಂದು ಸೆಕ್ಟರನ್ನು ಮಾತ್ರ. ಹೊಸ್ತಿಲು ಒಂದೇ, ಒಡೆಯರು ಇಬ್ಬರು.

1990ರ ದಶಕದ ಆರಂಭದಲ್ಲಿ ವರ್ನರ್ ಆಲ್ಮೆಸ್‌ಬರ್ಗರ್ ಬರೆದ ಲಿಲೋ ಲಿನಕ್ಸ್ ಬಳಕೆದಾರರ ಮೊದಲ ಆಸರೆಗಳಲ್ಲೊಂದು. ಅದಕ್ಕೆ ಫೈಲ್ ಹುಡುಕಲು ಬರುತ್ತಿರಲಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಡಿಸ್ಕಿನಲ್ಲಿ ಎಲ್ಲೆಲ್ಲಿ ಕುಳಿತಿದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಿತ್ತು. ಹಾಗಾಗಿ ಕರ್ನಲ್ ಬದಲಿಸಿ ಲಿಲೋವನ್ನು ಮತ್ತೆ ಓಡಿಸಲು ಮರೆತವರ ಯಂತ್ರ ಏಳದೆ ಹೋಗುವುದಿತ್ತು. ಒಂದೊಂದು ಹಂತ ದಾಟಿದಂತೆ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ತೆರೆಯ ಮೇಲೆ ಮೂಡಿಸುವುದು ಅದರ ರೂಢಿ. ‘ಎಲ್‌ಐ’ ಎಂದು ನಿಂತುಬಿಟ್ಟರೆ ಎರಡನೆಯ ಹಂತ ಮೆಮೊರಿಗೆ ಬಂದರೂ ಓಡಲಿಲ್ಲವೆಂದು ಅರ್ಥ. ದೋಷ ವಿವರಿಸಲು ಜಾಗವೇ ಇಲ್ಲದ ಕಡೆ ಇದು ಜಾಣ ಉಪಾಯ. ಹಳೆಯ ಬಯಾಸ್‌ಗೆ ಡಿಸ್ಕಿನ ಮೊದಲ 1024 ಸಿಲಿಂಡರುಗಳ ಆಚೆ ಕೈ ಎಟುಕುತ್ತಿರಲಿಲ್ಲ. ಅದಕ್ಕೇ ಕರ್ನಲ್‌ಗೆಂದು ಡಿಸ್ಕಿನ ಮೊದಲಲ್ಲೇ ಚಿಕ್ಕ ಪಾಲೊಂದನ್ನು ಬಿಡುವ ಪದ್ಧತಿ ಬಂತು.

ಗ್ರಬ್ ಹುಟ್ಟಿದ್ದು ಲಿನಕ್ಸ್‌ಗಾಗಿ ಅಲ್ಲ. 1995ರಲ್ಲಿ ಎರಿಕ್ ಬೋಲೀನ್ ಗ್ನೂ ಹರ್ಡ್ ಎಂಬ ಬೇರೊಂದು ವ್ಯವಸ್ಥೆಯನ್ನು ಎಬ್ಬಿಸಲು ಅದನ್ನು ಬರೆದರು. 1999ರಲ್ಲಿ ಅದು ಗ್ನೂ ಯೋಜನೆಯ ಅಧಿಕೃತ ಪ್ಯಾಕೇಜ್ ಆಯಿತು. 446 ಬೈಟ್‌ಗಳಲ್ಲಿ ಮುಂದಿನ ತುಂಡನ್ನು ಕರೆಯುವಷ್ಟನ್ನೇ ಇಟ್ಟು, ಆ ತುಂಡನ್ನು ಮೊದಲ ಪಾಲಿಗೆ ಮುಂಚೆ ಖಾಲಿ ಬಿದ್ದಿರುತ್ತಿದ್ದ 62 ಸೆಕ್ಟರುಗಳಲ್ಲಿ ಇಡುತ್ತಿತ್ತು. ಫೈಲ್ ಓದಬಲ್ಲದ್ದರಿಂದ ಆಯ್ಕೆಯ ಪಟ್ಟಿ ಬದಲಿಸಲು ಒಂದು ಕಡತ ತಿದ್ದಿದರೆ ಸಾಕಿತ್ತು. ವಿಂಡೋಸ್ ಆಯ್ದರೆ ವಿಂಡೋಸಿನದೇ ಲೋಡರಿಗೆ ಕೆಲಸ ವಹಿಸುತ್ತಿತ್ತು. ಇಷ್ಟು ಸೌಜನ್ಯ ಎದುರು ಪಕ್ಷದಲ್ಲಿರಲಿಲ್ಲ: ವಿಂಡೋಸ್ ಮತ್ತೆ ಹಾಕಿದಾಗ ಮೊದಲ ಸೆಕ್ಟರಿನ ಪ್ರೋಗ್ರಾಂ ಅಳಿಸಿಹೋಗುತ್ತಿತ್ತು. ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬ ಬುದ್ಧಿವಾದ ಹೀಗೆ ನೆಲೆನಿಂತಿತು.

ಇಂಟೆಲ್ ತನ್ನ ಇಟಾನಿಯಂ ಯಂತ್ರಗಳಿಗೆಂದು ಬಯಾಸ್ ಬದಲಿಗೆ ರೂಪಿಸಿದ ಇಎಫ್‌ಐ, 2005ರಲ್ಲಿ ಹಲವು ಕಂಪನಿಗಳ ಕೂಟದ ಕೈಗೆ ಬಂದು ಯುಇಎಫ್‌ಐ ಆಯಿತು. ಇಲ್ಲಿ ಲೋಡರುಗಳಿಗೆಂದೇ ಒಂದು ಪಾಲು. ಅದರಲ್ಲಿ ಪ್ರತಿ ವ್ಯವಸ್ಥೆಗೂ ಬೇರೆ ಫೋಲ್ಡರ್. ಯಾರು ಮೊದಲು ಎಂಬ ಕ್ರಮ ಮದರ್‌ಬೋರ್ಡಿನ ನೆನಪಿನಲ್ಲಿ. ಜಾಗದ ಜಗಳ ಮುಗಿದು, 2012ರಲ್ಲಿ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ ವ್ಯಾಪಕವಾದಾಗ ಅನುಮತಿಯ ಪ್ರಶ್ನೆ ಎದ್ದಿತು: ಸಹಿ ಇಲ್ಲದ ಲೋಡರಿಗೆ ಪ್ರವೇಶವಿಲ್ಲ. ಉಬುಂಟು, ಫೆಡೋರಾದಂಥ ಲಿನಕ್ಸ್‌ಗಳು ಮೈಕ್ರೋಸಾಫ್ಟಿನ ಸಹಿ ಪಡೆದ ಶಿಮ್ ಎಂಬ ಪುಟ್ಟ ಪ್ರೋಗ್ರಾಂ ಅನ್ನು ಮುಂದೆ ನಿಲ್ಲಿಸಿದವು. ಶಿಮ್ ಗ್ರಬ್‌ನ ಸಹಿಯನ್ನು ಪರೀಕ್ಷಿಸಿ ಒಳಗೆ ಬಿಡುತ್ತದೆ. ಗ್ರಬ್ ಕರ್ನಲ್ಲನ್ನು ಕರೆಯುತ್ತದೆ.