ಪಂಚಾಂಗವೂ ದೂರದರ್ಶಕವೂ

ಗ್ರಹಣದ ಮರುದಿನ ಶಾಲೆಗೆ ಬಂದ ಹುಡುಗ ಕೇಳುತ್ತಾನೆ: "ಮೇಷ್ಟ್ರೇ, ಮನೆಯಲ್ಲಿ ಅಜ್ಜಿ ರಾಹು ನುಂಗಿದ ಎನ್ನುತ್ತಾರೆ, ಪಾಠದಲ್ಲಿ ನೆರಳು ಎಂದಿದೆ. ಯಾವುದನ್ನು ನಂಬಲಿ?" ಅಜ್ಜಿಯನ್ನು ಹೀಯಾಳಿಸುವುದು ನಮಗೆ ಸಲ್ಲದು; ಪಾಠವನ್ನು ಮರೆಮಾಚಿದರೆ ವಿದ್ಯೆಗೆ ದ್ರೋಹ. ನಮ್ಮ ಗಡಿನಾಡಿನ ಇತಿಹಾಸದಲ್ಲಿಯೇ ಇದಕ್ಕೊಂದು ಉತ್ತರವಿದೆ.

1868ರ ಆಗಸ್ಟ್ 18ರಂದು ಸಂಪೂರ್ಣ ಸೂರ್ಯಗ್ರಹಣದ ನೆರಳು ಜಮಖಂಡಿಯ ಮೇಲೆ ಹಾದು, ಕೃಷ್ಣೆಯ ಬಯಲನ್ನು ದಾಟಿ ಗುಂಟೂರಿನತ್ತ ಸಾಗಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಸೂರ್ಯನ ಬೆಳಕನ್ನು ಬಿಡಿಸಿ ನೋಡಲು ಸಿದ್ಧರಾಗಿದ್ದರು. ರಾಯಚೂರಿಗೆ ಪೂರ್ವದಲ್ಲಿ, ಇಂದಿನ ತೆಲಂಗಾಣದ ವನಪರ್ತಿಯಲ್ಲಿ, ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಬೀಡುಬಿಟ್ಟಿದ್ದರು.

ಆಚಾರ್ಯರು ಸಿದ್ಧಾಂತ ಜ್ಯೋತಿಷವನ್ನೂ ಪಾಶ್ಚಾತ್ಯ ಖಗೋಳವನ್ನೂ ಬಲ್ಲವರು. 1867ರಲ್ಲಿ ಕಾಂತಿ ಏರಿಳಿಯುವ ನಕ್ಷತ್ರವೊಂದನ್ನು ಕಂಡುಹಿಡಿದರು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದರು. ಹಳೆಯ ಕೋಷ್ಟಕಗಳಲ್ಲಿ ಗ್ರಹಗತಿಯ ಅಲ್ಪ ದೋಷವೂ ಶತಮಾನಗಳಲ್ಲಿ ಕೂಡುತ್ತ ಬೆಳೆಯುತ್ತದೆ; ಪಂಚಾಂಗದ ಗ್ರಹಣಕಾಲಕ್ಕೂ ಆಕಾಶದ ಗ್ರಹಣಕಾಲಕ್ಕೂ ಅಂತರ ಬೀಳುತ್ತದೆ. ಸ್ನಾನ, ತರ್ಪಣಗಳಿಗೆ ಸರಿಯಾದ ಮುಹೂರ್ತ ಬೇಕೆಂಬ ಆಸ್ತಿಕನಿಗೇ ಇದರಿಂದ ನಷ್ಟ. ಆದ್ದರಿಂದ ಅವರು ಹೊಸ ಗಣಿತವನ್ನು ಅಳವಡಿಸಿ ದೃಗ್ಗಣಿತ ಪಂಚಾಂಗವನ್ನು ಹೊರಡಿಸಿದರು. 1874ರ ಡಿಸೆಂಬರ್ 9ರ ಶುಕ್ರಸಂಕ್ರಮಣವನ್ನು ಕುರಿತು ಅವರು ಬರೆದ ಕಿರುಹೊತ್ತಗೆ ಕನ್ನಡದಲ್ಲಿಯೂ ಸಿದ್ಧವಾಯಿತು.

ಹಿರಿಯರ ಗಣಿತವನ್ನು ತಿದ್ದಬಹುದೇ ಎಂದು ಕೇಳುವವರುಂಟು. ಹಿರಿಯರೇ ತಿದ್ದಿದ್ದಾರೆ. ಗ್ರಹಣಕ್ಕೆ ನೆರಳೇ ಕಾರಣವೆಂದು ಆರ್ಯಭಟನು 499ರಲ್ಲಿಯೇ ಹೇಳಿದ್ದನು. ಕೇರಳದ ಪರಮೇಶ್ವರನು ದಶಕಗಳ ಕಾಲ ಗ್ರಹಣಗಳನ್ನು ಕಣ್ಣಾರೆ ನೋಡಿ, 1431ರಲ್ಲಿ 'ದೃಗ್ಗಣಿತ'ವನ್ನು ರಚಿಸಿದನು. ಕಣ್ಣಿಗೂ ಲೆಕ್ಕಕ್ಕೂ ಹೊಂದಿಕೆಯಾಗದಿದ್ದರೆ ಲೆಕ್ಕವನ್ನು ತಿದ್ದುವುದು ಈ ಪರಂಪರೆಯ ಧರ್ಮ.

ಆದರೂ ವಾಕ್ಯ ಪಂಚಾಂಗಕ್ಕೂ ದೃಕ್ ಪಂಚಾಂಗಕ್ಕೂ ಇರುವ ಭೇದ ಇಂದಿಗೂ ಮುಗಿದಿಲ್ಲ. ಎಲ್ಲ ನಂಬಿಕೆಗೂ ವಿಜ್ಞಾನದ ಸಾಕ್ಷಿಯುಂಟೆಂದು ಸಾಧಿಸುವ ಹಟ ನಮಗೆ ಬೇಡ. ಯಾವ ಗಳಿಗೆಯಲ್ಲಿ ನೆರಳು ಬಿತ್ತೆಂಬುದನ್ನು ಆಕಾಶವೇ ಹೇಳಬೇಕು. ಆ ಗಳಿಗೆಯಲ್ಲಿ ಯಾರನ್ನು ನೆನೆಯಬೇಕೆಂಬುದು ಅವರವರ ಮನಸ್ಸಿಗೆ ಬಿಟ್ಟದ್ದು.

ಇನ್ನು ಹುಡುಗನಿಗೆ ಹೀಗೆ ಹೇಳೋಣ: "ಗಣಿತದಲ್ಲಿ ರಾಹುವೆಂದರೆ ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಬಿಂದು, ಮಗು. ಅಜ್ಜಿಗೆ ಅದನ್ನು ಚಿತ್ರ ಬರೆದು ತೋರಿಸು. ಅವರು ಹೇಳುವ ಕಥೆಯನ್ನೂ ಕೇಳಿಕೊಂಡು ಬಾ."