ವೀರಗಲ್ಲಿನ ಚೌಕಟ್ಟು ಮತ್ತು ನೋಡುಗನ ಮರುಕ

ತುರುಗೊಳ್ ಕಾಳಗದಲ್ಲಿ ಮಡಿದವನು ಪ್ರಾಣವನ್ನೇ ಕಳೆದುಕೊಂಡವನು. ಆದರೂ ಅವನ ವೀರಗಲ್ಲಿನಲ್ಲಿ ಸೋಲು ಕಾಣಿಸುವುದಿಲ್ಲ. ಇದು ಶಿಲ್ಪವಿನ್ಯಾಸದ ಫಲ. ಸಾಮಾನ್ಯವಾಗಿ ಕಲ್ಲಿನ 3 ಪಟ್ಟಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಮೊದಲು ಕಾಳಗ, ಬಳಿಕ ವೀರನನ್ನು ಒಯ್ಯುವ ಅಪ್ಸರೆಯರು, ಕೊನೆಗೆ ದೇವಸನ್ನಿಧಿ. ಅನೇಕ ಕಲ್ಲುಗಳಲ್ಲಿ ವೀರನು ಒಂಟಿ, ಆಕಾರದಲ್ಲಿ ಹಿರಿದು; ಎದುರಾಳಿಗಳು ಹಲವರು, ಕಿರಿದು. ಒಬ್ಬನ ಮೇಲೆ ಹಲವರು ಎರಗಿದ ಈ ನೋಟ ಮರುಕವನ್ನು ಹುಟ್ಟಿಸುತ್ತದೆ. ವೀರನ ಹಿರಿದಾದ ಆಕಾರ ಆ ಮರುಕವನ್ನು ಗೌರವವಾಗಿ ಮಾರ್ಪಡಿಸುತ್ತದೆ.

ಆದರೆ ಚೌಕಟ್ಟಿಗೂ ಒಂದು ಪಕ್ಷವಿದೆ. 9ನೆಯ ಶತಮಾನದ ಕೊನೆಯ ಬೇಗೂರು ಶಾಸನವು ನೊಳಂಬ ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನನ್ನು ಸ್ಮರಿಸುತ್ತದೆ. ಅದು ಗಂಗರ ಪಕ್ಷದ ಕಲ್ಲು. ಅದೇ ಕಾಳಗದಲ್ಲಿ ಬಿದ್ದ ನೊಳಂಬ ಯೋಧರಿಗೆ ಅಲ್ಲಿ ಹೆಸರಿಲ್ಲ. ತುರುಗಳ್ಳನೆಂದು ಒಂದು ಊರು ಕಿರಿದಾಗಿ ಕಡೆದವನಿಗೂ ತನ್ನದೊಂದು ಊರು ಇದ್ದೇ ಇತ್ತು. ಅಲ್ಲಿ ಅವನಿಗಾಗಿ ಅತ್ತವರೂ ಇದ್ದಿರಬೇಕು.

ಆದುದರಿಂದ ವೀರಗಲ್ಲು ಶೌರ್ಯಕ್ಕೆ ಸಾಕ್ಷಿ, ನ್ಯಾಯಕ್ಕೆ ತೀರ್ಪಲ್ಲ. ವೀರನಿಗೆ ತಲೆಬಾಗುವ ಸಂಶೋಧಕನು ಮೂಲೆಯ ಕಿರಿಯ ಆಕೃತಿಗಳನ್ನೂ ಎಣಿಸಬೇಕು.