ನೀರೇ ಹೆದ್ದಾರಿಯಾಗಿದ್ದ ನಾಡು

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ, ಬರ್ಗನ್ ನಗರದ ಉತ್ತರಕ್ಕೆ, ಸಮುದ್ರವು ನೆಲದೊಳಗೆ 200 ಕಿಲೋಮೀಟರಿಗೂ ಹೆಚ್ಚು ದೂರ ಚಾಚಿಕೊಂಡಿದೆ. ಇದೇ ಸೋಗ್ನೆ ಫಿಯೋರ್ಡ್. ನಾರ್ವೆಯ ಫಿಯೋರ್ಡ್‌ಗಳಲ್ಲಿ ಅತ್ಯಂತ ಉದ್ದವಾದುದೂ ಆಳವಾದುದೂ ಇದೇ. ನೀರಿನ ಅಂಚಿನಿಂದಲೇ ಕಡಿದಾಗಿ ಏಳುವ ಬೆಟ್ಟಗಳು ಹಲವೆಡೆ ಸಾವಿರ ಮೀಟರ್ ಎತ್ತರವನ್ನು ಮೀರುತ್ತವೆ. ನೀರಿನ ಗರಿಷ್ಠ ಆಳವೂ ಸುಮಾರು 1,300 ಮೀಟರ್. ಇಂದಿನ ರಸ್ತೆ ನಕ್ಷೆಯಲ್ಲಿ ಇದು ನಾಡನ್ನು ಎರಡಾಗಿ ಸೀಳಿದ ಕಂದರದಂತೆ ಕಾಣುತ್ತದೆ. ಆದರೆ ಶತಮಾನಗಳ ಕಾಲ ನಾಡನ್ನು ಬೆಸೆದಿದ್ದುದೇ ಈ ನೀರು.

ಈ ಕಣಿವೆಯನ್ನು ಕೊರೆದದ್ದು ಹಿಮನದಿಗಳು. ಕಳೆದ ಸುಮಾರು 25 ಲಕ್ಷ ವರ್ಷಗಳಲ್ಲಿ ಮತ್ತೆ ಮತ್ತೆ ಬಂದ ಹಿಮಯುಗಗಳಲ್ಲಿ ಮಂಜುಗಡ್ಡೆಯ ರಾಶಿ ಹಳೆಯ ನದಿಕಣಿವೆಗಳ ಮೂಲಕ ಕಡಲಿನತ್ತ ಸರಿಯಿತು. ಇಕ್ಕಟ್ಟಾದ ಒಳನಾಡಿನಲ್ಲಿ ಅದರ ಒತ್ತಡ ಹೆಚ್ಚಿದ್ದರಿಂದ ಬಂಡೆ ಆಳವಾಗಿ ಸವೆಯಿತು. ತಗ್ಗಾದ ಕರಾವಳಿಗೆ ಬಂದು ಹರಡಿಕೊಂಡಾಗ ಕೊರೆಯುವ ಶಕ್ತಿ ಕುಂದಿತು. ಹೀಗಾಗಿ ಒಳಗೆ ಅಷ್ಟು ಆಳವಿರುವ ಫಿಯೋರ್ಡ್‌ನ ಬಾಯಲ್ಲಿ, ನೀರಿನಡಿಯ ಹೊಸ್ತಿಲಿನಂತಿರುವ ಭಾಗದಲ್ಲಿ, ಆಳ 200 ಮೀಟರಿಗಿಂತ ಕಡಿಮೆ. ಮಂಜು ಕರಗಿದ ಮೇಲೆ ಸಮುದ್ರ ಈ ಹೊಸ್ತಿಲನ್ನು ದಾಟಿ ಕಣಿವೆಯನ್ನು ತುಂಬಿತು.

ಬೆಟ್ಟಗಳ ಮೇಲಿನ ದಾರಿಗಳು ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುತ್ತಿದ್ದವು. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದ ಕೃಪೆಯಿಂದ ಫಿಯೋರ್ಡ್‌ನ ಮುಖ್ಯ ಭಾಗ ಮಾತ್ರ ಹೆಪ್ಪುಗಟ್ಟುತ್ತಿರಲಿಲ್ಲ. ಆದ್ದರಿಂದ ದೋಣಿಯೇ ಇಲ್ಲಿನವರ ವಾಹನವಾಯಿತು. ಪಶ್ಚಿಮ ನಾರ್ವೆಯ ಪ್ರಾಚೀನ ನ್ಯಾಯಸಭೆ ಗುಲಾಟಿಂಗ್ ಸೇರುತ್ತಿದ್ದುದು ಫಿಯೋರ್ಡ್‌ನ ಬಾಯಿಯ ಬಳಿಯ ಗುಲೆನ್‌ನಲ್ಲಿ. ಕರಾವಳಿಯ ದೋಣಿಗಳಿಗೂ ಒಳನಾಡಿನ ದೋಣಿಗಳಿಗೂ ಅದು ಅನುಕೂಲವಾದ ಕೂಡುತಾಣ. ಒಳಭಾಗದ ಲುಸ್ಟ್ರಾ ಕವಲಿನ ದಡದಲ್ಲಿ ಸುಮಾರು 1130ರಲ್ಲಿ ಕಟ್ಟಿದ ಉರ್ನೆಸ್‌ನ ಮರದ ಚರ್ಚು ಇಂದಿಗೂ ನಿಂತಿದೆ. 1979ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಷ್ಟು ಸೊಗಸಾದ ಕೆತ್ತನೆಯ ಕಟ್ಟಡ ಇಂಥ ಮೂಲೆಯಲ್ಲಿ ಏಕೆ ಎಂದು ಇಂದಿನ ಪ್ರವಾಸಿಗೆ ಅನಿಸಬಹುದು. ಅದನ್ನು ಕಟ್ಟಿದವರ ಪಾಲಿಗೆ ಅದು ಮೂಲೆಯಾಗಿರಲಿಲ್ಲ, ರಾಜಮಾರ್ಗದ ಬದಿಯಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಲೆಕ್ಕಾಚಾರ ಬದಲಾಯಿತು. ದಕ್ಷಿಣದ ಕವಲೊಂದರ ತುದಿಯಲ್ಲಿರುವ ಫ್ಲೋಮ್ ಗ್ರಾಮಕ್ಕೆ 1940ರಲ್ಲಿ ಬೆಟ್ಟದಿಂದ ರೈಲು ಇಳಿಯಿತು. 2000ದಲ್ಲಿ 24.5 ಕಿಲೋಮೀಟರ್ ಉದ್ದದ ಲಾರ್ಡಾಲ್ ಸುರಂಗ ತೆರೆಯಿತು. ಓಸ್ಲೋ-ಬರ್ಗನ್ ನಡುವಿನ ವಾಹನಗಳು ಹಿಮ ಮುಚ್ಚುವ ಘಟ್ಟವನ್ನೂ ಹಡಗನ್ನೂ ನೆಚ್ಚಬೇಕಾದ ಅಗತ್ಯ ತಪ್ಪಿತು. ರಸ್ತೆಯಲ್ಲಿ ಸಾಗುವವನಿಗೆ ನೀರು ಈಗ ದಾಟಬೇಕಾದ ತೊಡಕು. ಆ ತೊಡಕು ನೀಗಿಸಲು ಸುಲಭದ್ದೂ ಅಲ್ಲ. ಇಷ್ಟು ಆಳದ ನೀರಿನಲ್ಲಿ ಕಂಬ ನಿಲ್ಲಿಸಿ ಸೇತುವೆ ಕಟ್ಟುವುದು ದುಸ್ಸಾಧ್ಯವಾದ್ದರಿಂದ, ಕರಾವಳಿಯ ಹೆದ್ದಾರಿಯ ವಾಹನಗಳು ಲಾವಿಕ್ ಮತ್ತು ಒಪ್ಪೆಡಾಲ್ ನಡುವೆ ಇಂದಿಗೂ ಹಡಗನ್ನೇರಿ ದಾಟುತ್ತವೆ.

ದಾರಿಯ ಪಾತ್ರ ಕುಗ್ಗಿದಂತೆ ನೋಟದ ಬೆಲೆ ಏರಿತು. ಕೆಲವೆಡೆ ಕೇವಲ 250 ಮೀಟರ್ ಅಗಲವಿರುವ ನೆರೋಯ್ ಕವಲು 2005ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಸಾವಿರಾರು ಪ್ರಯಾಣಿಕರನ್ನು ಹೊತ್ತ ವಿಹಾರ ನೌಕೆಗಳು ಫ್ಲೋಮ್‌ಗೆ ಬರತೊಡಗಿದವು. ಗಾಳಿಯಾಡದ ದಿನಗಳಲ್ಲಿ ಅವುಗಳ ಹೊಗೆ ಕಡಿದಾದ ಗೋಡೆಗಳ ನಡುವೆ ಸಿಲುಕಿ ಅಲ್ಲೇ ನಿಲ್ಲುತ್ತದೆ. ಹಿಮನದಿ ಕೊರೆದ ರೂಪವೇ ಪ್ರವಾಸಿಗರನ್ನು ಕರೆಯುತ್ತದೆ, ಅದೇ ರೂಪ ಹೊಗೆಯನ್ನೂ ಹಿಡಿದಿಡುತ್ತದೆ. 2018ರಲ್ಲಿ ನಾರ್ವೆಯ ಸಂಸತ್ತು ವಿಶ್ವ ಪರಂಪರೆಯ ಫಿಯೋರ್ಡ್‌ಗಳಲ್ಲಿ ಹೊಗೆರಹಿತ ಸಂಚಾರವನ್ನು 2026ರೊಳಗೆ ತರಬೇಕೆಂದು ನಿರ್ಣಯಿಸಿತು. ಮುಂದೆ ದೊಡ್ಡ ನೌಕೆಗಳಿಗೆ ಈ ಗಡುವನ್ನು 2032ರವರೆಗೆ ವಿಸ್ತರಿಸಲಾಯಿತು. ನೌಕೆಗಳನ್ನು ನೆಚ್ಚಿ ಬದುಕುವ ಗ್ರಾಮಗಳ ಜೀವನೋಪಾಯವೂ ಇದರಲ್ಲಿ ಅಡಗಿದೆ.

ಪರಿಹಾರದ ಒಂದು ಸುಳಿವು ಇದೇ ನೀರಿನ ಮೇಲಿದೆ. ಬ್ಯಾಟರಿಯಿಂದಲೇ ಓಡುವ, ವಾಹನಗಳನ್ನು ಸಾಗಿಸುವ ಜಗತ್ತಿನ ಮೊದಲ ಹಡಗು ‘ಆಂಪೇರ್’ 2015ರಲ್ಲಿ ಸಂಚಾರ ಆರಂಭಿಸಿದ್ದು ಲಾವಿಕ್-ಒಪ್ಪೆಡಾಲ್ ನಡುವೆಯೇ. ಇಪ್ಪತ್ತು ನಿಮಿಷದ ಆ ದಾಟಿಗೆ ಸಾಧ್ಯವಾದದ್ದು ಸಾಗರ ದಾಟಿ ಬರುವ ಭಾರಿ ನೌಕೆಗಳಿಗೂ ಸಾಧ್ಯವೇ ಎಂಬುದನ್ನು 2032ರೊಳಗೆ ಸಾಧಿಸಿ ತೋರಿಸಬೇಕಾಗಿದೆ.